ಮರಿಯ ಕಾಲಿನ ದಾರ

ಕಾವಿಗೆ ಕೂತಿದ್ದ ಕೋಳಿ ಗೂಡು ಬಿಟ್ಟು ಎದ್ದು ಹೋಗಿತ್ತು. ಬಾಳೆಯ ಬುಡದಲ್ಲಿ ಹೊಸ ಮರಿಗಳಿಗೆ ಮಣ್ಣು ಕೆದಕುವುದನ್ನು ಕಲಿಸುತ್ತಿತ್ತು. ಗೂಡಿನಲ್ಲಿ ಉಳಿದದ್ದು ಒಂದೇ ಮೊಟ್ಟೆ. ಅದರ ಓಡಿನಲ್ಲಿ ಜೋಳದ ಕಾಳಿನಷ್ಟು ತೂತು, ತೂತಿನೊಳಗೆ ಕೊಕ್ಕಿನ ತುದಿ, ಆಗಾಗ ಒಂದು ಕ್ಷೀಣ ದನಿ. ನನ್ನ ಮಗಳು ನೊಯೆಮಿ ಹಿಂದಿನ ದಿನದಿಂದ ಅದರ ಮುಂದೆಯೇ ಕುಕ್ಕರುಗಾಲಲ್ಲಿ ಕೂತಿದ್ದಳು.

“ಅಪ್ಪಾ, ತೂತು ದೊಡ್ಡದೇ ಆಗ್ತಿಲ್ಲ. ಒಡೀಲಾ?”

“ಅವಸರ ಮಾಡಿದ್ರೆ ರಕ್ತ ಬರುತ್ತೆ.”

“ಸುಮ್ನಿದ್ರೆ ಸಾಯುತ್ತೆ.”

ಎರಡೂ ನಿಜವೇ. ಹೆಂಡತಿ ಸುಯಾಪ ಕತ್ತಲಲ್ಲೇ ಅಂಗಿ ಕಾರ್ಖಾನೆಯ ಬಸ್ಸು ಹತ್ತಿದ್ದಳು. ಬೀದಿಯ ಮೂಲೆಯಲ್ಲಿ ಮಾರುಕಟ್ಟೆಯ ಹೆಂಗಸರು ನನ್ನ ಆಟೊಗಾಗಿ ಕಾಯುತ್ತಿದ್ದರು. ಅವರನ್ನು ಪ್ರೊಗ್ರೆಸೊ ಪೇಟೆಯಲ್ಲಿ ಇಳಿಸಿ, ಚಿಲ್ಲರೆಯನ್ನೂ ಸರಿಯಾಗಿ ನೋಡದೆ ವಾಪಸು ಬಂದೆ. ತೂತು ಹಾಗೇ ಇತ್ತು. ಇನ್ನೊಂದು ಬಾಡಿಗೆ ಹೋಗಿ ಬಂದೆ. ಹಾಗೇ ಇತ್ತು. ದನಿ ಮಾತ್ರ ನಿಂತಿತ್ತು.

ಬಿಸಿನೀರಿನಲ್ಲಿ ಬಟ್ಟೆ ಅದ್ದಿ, ಒಳಪೊರೆಯನ್ನು ನೆನೆಸಿದೆ. ಅದು ಒಣಗಿ ಹಪ್ಪಳದಂತಾಗಿ ಮರಿಯ ಮೈಗೆ ಅಂಟಿಕೊಂಡಿತ್ತು. ಉಗುರಿನಿಂದ ಓಡಿನ ಚೂರೊಂದನ್ನು ಎತ್ತಿದರೆ ಕೆಂಪು ನರ ಕಂಡಿತು. ಬಿಟ್ಟೆ. ಕಾದೆ. ಅಂಗಳದಲ್ಲಿ ಸುತ್ತಿದೆ. ನರ ಬಿಳಿಚಿಕೊಂಡಾಗ ಮತ್ತೆ ಒಂದು ಚೂರು. ಮಧ್ಯಾಹ್ನದ ಊಟಕ್ಕೆ ಬೇಯಿಸಿದ್ದ ಬೀನ್ಸ್ ಕಾಳು ಆರಿ ಗಟ್ಟಿಯಾಗುವ ಹೊತ್ತಿಗೆ ಮರಿ ನನ್ನ ಅಂಗೈ ಮೇಲಿತ್ತು. ಒದ್ದೆ, ಮುದುಡಿದ ಮೈ, ನೆತ್ತಿಯ ಮೇಲೆ ನಾಲ್ಕು ಎಳೆ ಪುಕ್ಕ, ಕುತ್ತಿಗೆ ಪೂರ್ತಿ ಬೋಳು.

“ಸತ್ತಿದೆಯಾ?” ಎಂದಳು ನೊಯೆಮಿ.

ನನ್ನ ಅಮ್ಮ ಮಾಡುತ್ತಿದ್ದಂತೆ ಅದರ ಮೇಲೆ ಸೋರೆಬುರುಡೆಯ ಬಟ್ಟಲು ಕವುಚಿ ಬೆರಳಿನಿಂದ ಬಡಿದೆ. ನೊಯೆಮಿಯೂ ಬಡಿದಳು. ಬಡಿಯುತ್ತಾ ಬಡಿಯುತ್ತಾ ಒಳಗಿಂದ ದನಿ ಬಂತು. ಆಮೇಲೆ ಅದು ನಿಲ್ಲಲೇ ಇಲ್ಲ.

ಕೋಳಿಯ ಹತ್ತಿರ ಬಿಟ್ಟರೆ ಅದು ಕುಕ್ಕಿ ಅಟ್ಟಿತು. ಪೆಟ್ಟಿಗೆಯಲ್ಲಿಟ್ಟರೆ ಕಿರುಚಿತು. ಕೊನೆಗೆ ನನ್ನ ಅಂಗಿಯೊಳಗೆ ಬಿಟ್ಟುಕೊಂಡೆ, ಅಲ್ಲಿ ಸುಮ್ಮನಾಯಿತು. ಹಾಗೇ ಆಟೊ ಓಡಿಸಿದೆ. ಹಿಂದೆ ಕೂತವರು ನನ್ನ ಎದೆಯೊಳಗಿನ ಚಿಲಿಪಿಲಿ ಕೇಳಿ, “ಡ್ರೈವರ್ರೇ, ಹೊಟ್ಟೆ ಹಸಿದಿದ್ರೆ ಗಾಡಿ ನಿಲ್ಸಿ ತಿನ್ನಿ ಮಾರಾಯ್ರೆ, ನಮಗೇನೂ ಅವಸರ ಇಲ್ಲ” ಅನ್ನುತ್ತಿದ್ದರು.

ಅದರ ಕಾಲುಗಳು ಎರಡು ಕಡೆಗೆ ಜಾರಿ ಚಪ್ಪಟೆಯಾಗಿ ಬೀಳುತ್ತಿದ್ದವು. ಎರಡೂ ಕಾಲು ಸೇರಿಸಿ, ನಡುವೆ ಚೂರು ಜಾಗ ಬಿಟ್ಟು, ಉಣ್ಣೆಯ ದಾರ ಕಟ್ಟಿದೆ. ನೊಯೆಮಿ ಬೆರಳ ತುದಿಯಿಂದ ಸಕ್ಕರೆ ನೀರು ಕುಡಿಸಿದಳು, ಬೇಯಿಸಿದ ಮೊಟ್ಟೆಯ ಹಳದಿ ಪುಡಿ ಮಾಡಿ ತಿನ್ನಿಸಿದಳು. ಮರಿ ಬೀಳುತ್ತಾ, ಏಳುತ್ತಾ, ಕೊನೆಗೆ ನಿಂತಿತು. ಅಲ್ಲಿಂದ ನಿಜವಾದ ತಳಮಳ ಶುರುವಾಯಿತು.

ಏಕೆಂದರೆ ಕೋಳಿ ನಮ್ಮದು, ಮೊಟ್ಟೆ ತುಲಾ ಅವರದು. ಅವರು ನೊಯೆಮಿಯನ್ನು ದೀಕ್ಷಾಸ್ನಾನದಲ್ಲಿ ಎತ್ತಿಕೊಂಡ ಧರ್ಮತಾಯಿ, ಅವಳ ಬಾಯಲ್ಲಿ ಮಾದ್ರಿನಾ; ಆ ನಂಟಿನಿಂದ ಅವರು ನನಗೆ ಕೊಮಾದ್ರೆ, ನಾನು ಅವರಿಗೆ ಕೊಂಪಾದ್ರೆ. ಪಾಲಿಗೆ ಕೂರಿಸಿದ ಕಾವಿನಲ್ಲಿ ಮರಿಗಳು ಅರ್ಧ ಅವರಿಗೆ, ಅರ್ಧ ನಮಗೆ. ಮೊದಲು ಆರಿಸುವ ಹಕ್ಕು ಮೊಟ್ಟೆಯವರದು. ಬೋಳುಗುತ್ತಿಗೆ ಜಾತಿಯ ಕೋಳಿ ಎಂದರೆ ಅವರಿಗೆ ಪ್ರಾಣ, ಈ ಸಲ ಬಂದದ್ದು ಇದೊಂದೇ. ಭಾನುವಾರ ಅವರು ಬರುವವರಿದ್ದರು.

“ಅಷ್ಟೊಂದು ತಿನ್ನಿಸ್ಬೇಡ ಅಪ್ಪಾ,” ಎಂದಳು ನೊಯೆಮಿ. “ಚೆನ್ನಾಗಿ ಕಂಡುಬಿಡುತ್ತೆ.”

ಶನಿವಾರ ಮರಿ ನೆಟ್ಟಗೆ ನಿಂತದ್ದು ಕಂಡು, ದಾರ ಬಿಚ್ಚು ಎಂದು ಹೇಳಿ ಹೋದೆ. ಭಾನುವಾರ ಬೆಳಿಗ್ಗೆ ನೋಡಿದರೆ ಮರಿ ಮತ್ತೆ ಮುಗ್ಗರಿಸುತ್ತಿತ್ತು. ಎತ್ತಿಕೊಂಡೆ. ಒಂದು ಕಾಲಿಗೆ ಮಾತ್ರ ದಾರ, ಬಿಗಿಯಾಗಿ. ಗಂಟಿನ ಕೆಳಗೆ ಊದಿತ್ತು.

“ಇದೇನೇ?”

“ಬಿಚ್ಚಿದ್ದೆ. ಮತ್ತೆ ಕಟ್ಟಿದೆ.”

“ಯಾಕೆ?”

“ಕುಂಟು ಮರೀನ ಮಾದ್ರಿನಾ ಆರಿಸಲ್ಲ.”

ಉಪಾಯ ಫಲಿಸುವಂಥದ್ದೇ ಆಗಿತ್ತು. ದಾರಿಯ ತುದಿಯಲ್ಲಿ ತುಲಾ ಅವರ ನೀಲಿ ಛತ್ರಿ ಕಾಣಿಸುತ್ತಿತ್ತು. ಅವರು ಆರಿಸಿ ಹೋಗುವ ತನಕ ತಾನೇ, ಆಮೇಲೆ ಬಿಚ್ಚಿದರಾಯಿತು ಎಂದು ನನಗೂ ಅನ್ನಿಸಿತು. ದಾರ ಮುಟ್ಟದೆ ಮರಿಯನ್ನು ಅವಳ ಕೈಗಿಟ್ಟೆ.

ಅವಳು ಅದರ ಊದಿದ ಕಾಲಿನ ಪುಟ್ಟ ಬೆರಳುಗಳನ್ನು ತನ್ನ ತುಟಿಗೆ ತಾಗಿಸಿದಳು. ಇನ್ನೊಂದು ಕಾಲನ್ನೂ ತಾಗಿಸಿ ನೋಡಿದಳು. ಛತ್ರಿಯ ಕಡೆಗೊಮ್ಮೆ ನೋಡಿ, ದಾರವನ್ನು ಹಲ್ಲಿನಿಂದ ಕಚ್ಚಿ ಹರಿದಳು.

ತುಲಾ ಅಂಗಳಕ್ಕೆ ಬಂದವರೇ ಬುಟ್ಟಿ ಕೆಳಗಿಟ್ಟರು. “ಕಾಫಿ ಆಮೇಲೆ ಕೊಂಪಾದ್ರೆ. ಮೊದಲು ನನ್ನ ಬೋಳುಗುತ್ತಿಗೆ ಎಲ್ಲಿ? ಊರೆಲ್ಲ ಹೇಳ್ತಾ ಇದೆ, ನೀವು ಬಾಣಂತಿ ಥರ ಎದೆ ಹಿಡ್ಕೊಂಡು ಗಾಡಿ ಓಡಿಸ್ತೀರಂತೆ.”

ನೊಯೆಮಿ ಮರಿ ಚಾಚಿದಳು. ತುಲಾ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ನಕ್ಕು, ಬುಟ್ಟಿಗೆ ಹಾಕಿದರು. ಮರಿ ಕಿರುಚತೊಡಗಿತು. ನಮ್ಮ ಸರದಿ ಬಂದಾಗ ನೊಯೆಮಿ ನೋಡದೆಯೇ ಒಂದನ್ನು ತೋರಿಸಿದಳು. ತುಲಾ ಇನ್ನೊಂದನ್ನು ಹಿಡಿದು ಬುಟ್ಟಿಯೊಳಗೆ ಬಿಡುವಷ್ಟರಲ್ಲಿ ಬೋಳುಗುತ್ತಿಗೆ ಅಂಚು ಹತ್ತಿ ಕೆಳಗೆ ಬಿದ್ದು, ಕುಂಟುತ್ತಾ ಓಡಿ, ನೊಯೆಮಿಯ ಪಾದದ ಮೇಲೆ ಕೂತಿತು. ಮತ್ತೆ ಬುಟ್ಟಿಗೆ ಹಾಕಿದರು. ಮತ್ತೆ ಅದೇ ಪಾದ.

“ಕಾಲಿಗೇನಿದು ಗೀರು?”

“ನಾನೇ ಬಿಗಿಯಾಗಿ ಕಟ್ಟಿದ್ದೆ,” ಎಂದಳು ನೊಯೆಮಿ. “ನೀವು ಒಯ್ಯಬಾರದು ಅಂತ.”

ತುಲಾ ನನ್ನ ಮುಖ ನೋಡಿದರು. ನಾನು ಕೋಳಿಯ ಕಡೆ ನೋಡಿದೆ.

“ಮತ್ತೆ ಬಿಚ್ಚಿದ್ದು ಯಾಕೆ?”

“ಕಾಲು ತಣ್ಣಗಾಗಿತ್ತು.”

ತುಲಾ ಬುಟ್ಟಿಯ ಬಟ್ಟೆ ಸರಿಮಾಡಿದರು. “ಇದನ್ನ ಒಯ್ದ್ರೆ ಕೊಂಪಾದ್ರೆಯ ಅಂಗಿನೂ ಒಯ್ಬೇಕು. ತೋರ್ತಿಯಾ ರೊಟ್ಟಿ ತಟ್ಟೋದು ಬಿಟ್ಟು ಇದಕ್ಕೆ ಎದೆ ಕೊಟ್ಕೊಂಡು ಕೂರಕ್ಕೆ ನನ್ನ ಕೈಲಾಗಲ್ಲ. ಇದರ ಬದಲು ಆ ಕಂದು ಮರಿ ಕೊಡು, ಅದಕ್ಕೆ ತಾಯಿ ಯಾರು ಅಂತಾದ್ರೂ ಗೊತ್ತು.” ಆಮೇಲೆ ಬೆರಳೆತ್ತಿ, “ಆದ್ರೆ ಕೇಳು. ಹೆಣ್ಣಾದ್ರೆ ಅದರ ಮೊದಲ ಕಾವಿನ ಮೊಟ್ಟೆ ಎಲ್ಲಾ ನಂದು. ಗಂಡಾದ್ರೆ ಕ್ರಿಸ್ಮಸ್ಸಿಗೆ ಸಾರು ಮಾಡಕ್ಕೆ ನಾನೇ ಬಂದು ಹಿಡ್ಕೊಂಡು ಹೋಗ್ತೀನಿ.”

ನೊಯೆಮಿ ಆಗಲಿ ಎಂದು ತಲೆಯಾಡಿಸಿದಳು.

ತುಲಾ ಅವರನ್ನು ಮನೆಗೆ ಬಿಡಲು ಆಟೊ ಚಾಲೂ ಮಾಡಿದಾಗ ನೊಯೆಮಿ ಓಡಿ ಬಂದು ಮರಿಯನ್ನು ನನ್ನ ಅಂಗಿಯೊಳಗೆ ತುರುಕಿ, ಪಕ್ಕದಲ್ಲಿ ಕೂತಳು. ದಾರಿಯುದ್ದಕ್ಕೂ ನನ್ನ ಕಾಲರು ಎಳೆದು ಅದರ ನೆತ್ತಿಯನ್ನು ಬೆರಳಲ್ಲಿ ಸವರಿ ನೋಡುತ್ತಿದ್ದಳು.

“ಅಪ್ಪಾ, ಹೆಣ್ಣೇ ಅಲ್ವಾ?”

“ಇಷ್ಟು ಬೇಗ ಯಾರಿಗೂ ಗೊತ್ತಾಗಲ್ಲ.”

“ಇಲ್ಲಿ ಸ್ವಲ್ಪ ಉಬ್ಬಿದೆ. ಹುಂಜದ ಜುಟ್ಟಾ?”

“ಪುಕ್ಕ ಅದು.”

ವಾಪಸು ಬರುವಾಗ ಸೇತುವೆಯ ಹತ್ತಿರ ವಯಸ್ಸಾದ ಒಬ್ಬಾಕೆ ಹತ್ತಿದರು. ಅವರು ಕೂತು ಲಂಗ ಸರಿಮಾಡಿಕೊಳ್ಳುವ ಮೊದಲೇ ನೊಯೆಮಿ ಹಿಂದಕ್ಕೆ ತಿರುಗಿ ಕೇಳಿದಳು: “ಅಜ್ಜೀ, ಕೋಳಿಮರಿ ಹೆಣ್ಣೋ ಗಂಡೋ ಹೇಳಕ್ಕೆ ನಿಮಗೆ ಗೊತ್ತಾ?”