ಕಾಲೇಜಿನ್ಯಾಗ ಕುಂತಾಕಿ

ಮತ್ತೆ ನವಿಲು ಕೂಗಿತು, ಕೋಟೆಯ ಕಡೆಯಿಂದ, ಯಾರದೋ ಕತ್ತು ಹಿಸುಕಿದ ಹಾಗೆ, ಅದೇ ಹೊತ್ತಿಗೆ ಸ್ಕ್ಯಾನರಿನ ಬೆಳಕು ಮುಚ್ಚಳದ ಸಂದಿಯಲ್ಲಿ ಈ ತುದಿಯಿಂದ ಆ ತುದಿಗೆ ಹರಿದು ಆರಿತು, ಈ ಫೋಟೋ ಊಟದ ಸಾಲಿನದು, ಎಲ್ಲರೂ ನೆಲದ ಮೇಲೆ, ಮುಂದೆ ಮುತ್ತುಗದ ಎಲೆ, ಆಗ ಈ ಸೀಮೆಯಲ್ಲಿ ಯಾರೂ ಯಾರ ಪಕ್ಕವೂ ಕೂತು ಉಣ್ಣದ ಕಾಲ — ಹಾಗಂತ ವೃಂದಾ ಮೇಡಮ್ ಅಡಿಬರಹ ಬರೆಸಿದ್ದಾರೆ — ಹಾನಗಲ್ಲಿನ ವಾಡೆಯ ಹುಡುಗ ಬಡಿಸುತ್ತಿದ್ದಾನೆ, ಹಿರೇಕೆರೂರಿನ ನೇಕಾರರ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಾಳೆ, ಸಾಲಿನ ತುದಿಯಲ್ಲಿ ಒಂದು ಮೊಣಕೈ, ಉಳಿದದ್ದು ಫೋಟೋದ ಹೊರಗೆ, ಹೋದ ವಾರವಾಗಿದ್ದರೆ ಆ ಮೊಣಕೈಯನ್ನು ದೊಡ್ಡದು ಮಾಡಿ ಮಾಡಿ ನೋಡುತ್ತಿದ್ದೆ, ಅವ್ವನದಿರಬಹುದೇ ಎಂದು, ಈಗ ಬೇಕಿಲ್ಲ, ಈಗ ಅವ್ವ ಸಿಕ್ಕಿದ್ದಾಳೆ, ಎಡಗಡೆಯ ಪರದೆಯಲ್ಲಿ ನನಗೆ ಬೆನ್ನು ಮಾಡಿ ಕೂತಿದ್ದಾಳೆ, ಸೊಂಟದ ಮೇಲೆ ಬಟ್ಟೆಯಿಲ್ಲ.

ನಾ ಕಾಲೇಜಿನ್ಯಾಗ ಕುಂತಾಕಿ ಅದೀನಿ, ಹಗುರ ತಿಳೀಬ್ಯಾಡ್ರಿ, ಅನ್ನುತ್ತಿದ್ದಳು ರೊಟ್ಟಿ ಬಡಿಯುತ್ತ, ಹಿಟ್ಟಿನ ಕೈಯಲ್ಲೇ ಹಣೆಯ ಕೂದಲು ಹಿಂದಕ್ಕೆ ಸರಿಸುತ್ತ, ಅಪ್ಪ ಕಟ್ಟೆಯ ಮೇಲಿಂದ, ಏನ್ರೀ ಕಾಲೇಜ ಬಾಯಾರ, ಚಾ ಕೊಡ್ತೀರೋ ಇಲ್ಲಾ ಇವತ್ತ ಪರೀಕ್ಷಾ ಐತೋ, ಅವಳು, ಪರೀಕ್ಷಾ ನಿಮಗ ಐತಿ, ನೀರ ತುಂಬಿಕೊಂಡ ಬರ್ರಿ ಮೊದಲ — ನಾವೆಲ್ಲ ನಗುತ್ತಿದ್ದೆವು, ನಾನು ಶಾಲೆಯಲ್ಲಿ ಹೇಳಿಕೊಂಡು ತಿರುಗಿದೆ, ನಮ್ಮವ್ವ ಆರ್ಟ್ ಕಾಲೇಜಿನಲ್ಲಿ ಕುಂತಿದ್ದಳು ಎಂದು, ಕುಂದ್ರುವುದೆಂದರೆ ನಮ್ಮಲ್ಲಿ ಕಲಿಯುವುದೇ, ಸಾಲ್ಯಾಗ ಕುಂದ್ರು, ಪರೀಕ್ಷಾಕ ಕುಂದ್ರು, ಹೆಸರ ಹಚ್ಚಿದ್ದಿಲ್ಲ, ಸುಮ್ಮ ಕುಂದ್ರತಿದ್ದೆ ಅಂತ ಅವಳೇ ಹೇಳಿದ್ದು, ಹೆಸರು ಹಚ್ಚದೆ ಹಿಂದಿನ ಸಾಲಿನಲ್ಲಿ ಕೂತು ಕಿವಿಯಿಂದಲೇ ಕಲಿತ ಹುಡುಗಿಯೊಬ್ಬಳನ್ನು ನಾನು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದೆ, ಎರಡು ಜಡೆ, ಮೊಣಕಾಲ ಮೇಲೆ ಕಾಗದ, ಅವಳಿಗಾಗಿಯೇ ನಾನು ಚಿತ್ರಕಲೆ ಓದಿದೆ, ಅವಳಿಗಾಗಿಯೇ ಈ ಕೆಲಸ ಹಿಡಿದೆ, ಮುಚ್ಚಿಹೋದ ಕಲಾಶಾಲೆಯ ಫೋಟೋಗಳ ಧೂಳು ತೆಗೆದು ಕಂಪ್ಯೂಟರಿಗೆ ಹಾಕುವ ಕೆಲಸ, ಇದೇ ಬಂಕಾಪುರದಲ್ಲಿ, ಆ ಕಲಾಶಾಲೆಯ ಉಳಿದ ಒಂದೇ ಕೋಣೆಯಲ್ಲಿ. ಮತ್ತೆ ಅಪ್ಪ — ಅಪ್ಪ ನಮ್ಮೂರು ದುಂಡಸಿಯ ವಿಹಾರದಲ್ಲಿ, ಬುದ್ಧನ ಫೋಟೋದ ಮುಂದೆ, ಹುಣ್ಣಿಮೆಯ ಸಭೆಯಲ್ಲಿ ಎದ್ದು ನಿಂತು ಹೇಳುತ್ತಾನೆ, ಪ್ರತಿ ಸಲ ಅದೇ ಮಾತು, ನಿಮ್ಮ ಹೆಣ್ಮಕ್ಕಳನ್ನ ಓದಸ್ರಿ, ನಮ್ಮಾಕಿ ಆ ಕಾಲದಾಗ ಆಚಾರ್ರ ಸರೀಕ ಕುಂತಾಳ, ಸರೀಕ, ಅನ್ನುವಾಗ ಎದೆ ತಟ್ಟಿಕೊಳ್ಳುತ್ತಾನೆ ಪರಮೇಶಪ್ಪ, ನನ್ನಪ್ಪ, ಅಂಗಿಯ ಮೇಲಿನ ಗುಂಡಿಯವರೆಗೂ ಹಾಕಿಕೊಂಡು, ಆಗ ಅವ್ವ ಹೆಂಗಸರ ಕಡೆ ಚಾಪೆಯ ಅಂಚು ಕೀಳುತ್ತ ತಲೆ ಬಗ್ಗಿಸಿರುತ್ತಿದ್ದಳು, ನಾಚಿಕೆ ಅಂದುಕೊಂಡಿದ್ದೆವು, ನಾಚಿಕೆಯೇ ಇರಬೇಕು.

ಅವ್ವ ಸಿಕ್ಕಿದ್ದು ಈ ವಾರ ಸವಣೂರಿನಿಂದ ಬಂದ ಡಬ್ಬಿಯಲ್ಲಿ, ತಗಡಿನ ಬಿಸ್ಕೀಟ ಡಬ್ಬಿ, ಅದರೊಳಗೆ ಸುತ್ತಿಕೊಂಡ ಫಿಲ್ಮು, ವೃಂದಾ ಮೇಡಮ್ ನನ್ನ ಭುಜದ ಮೇಲಿಂದ ಬಗ್ಗಿ ನೋಡುತ್ತಿದ್ದರು, ಸುಯಮೀಂದ್ರ ಸರ್ ಅವರ ಮಗಳು, ಈ ಕಲಾಶಾಲೆ ಕಟ್ಟಿದ ಆಚಾರ್ರ ಮಗಳು, ಒಳ್ಳೆಯವರು, ನನ್ನ ಲೋಟದಲ್ಲೇ ನೀರು ಕುಡಿಯುತ್ತಾರೆ, ಅಯ್ಯ, ನಿಲ್ಲಸ್ರಿ ನಿಲ್ಲಸ್ರಿ ರಾಜಶ್ರೀ, ಎಂಥಾ ಬೆನ್ನದು, ಎಷ್ಟ ಘನತೆ ಅದ ನೋಡ್ರಿ ಅದರಾಗ, ಅಪ್ಪಾಜಿ ಈ ಬೆಳಕು ಹೆಂಗ ಹಿಡದಾರ, ಪ್ರದರ್ಶನದ ಬ್ಯಾನರಿಗೆ ಇದನ್ನೇ ದೊಡ್ಡದು ಮಾಡಸೋಣ, ಹೊರಗ ಕಟ್ಟೋದಕ್ಕ — ನಾನು ಹೂಂ ಅಂದೆ, ನನಗಿನ್ನೂ ಗೊತ್ತಿರಲಿಲ್ಲ, ಕಣ್ಣಿಗೆ ಗೊತ್ತಾಗುವ ಮೊದಲು ಕೈಗೆ ಗೊತ್ತಾಯಿತು, ಬಲಗೈ ತಾನಾಗಿ ಮೌಸು ಬಿಟ್ಟು ಗಾಳಿಯಲ್ಲಿ ಮೇಲಿಂದ ಕೆಳಗೆ ಒಮ್ಮೆ ಹೋಯಿತು, ಬಚ್ಚಲಿನಲ್ಲಿ ಹೋಗುವ ಹಾಗೆ, ರಾಜೀ ಬೆನ್ನ ತಿಕ್ಕ ಬಾರ, ಹೀರೇನಾರಿನಲ್ಲಿ ಮೇಲಿಂದ ಕೆಳಗೆ, ಎಡ ಹೆಗಲಿನ ಕೆಳಗೆ ಬಂದಾಗ ಮೆಲ್ಲಗೆ, ಅಲ್ಲಿ ಅವ್ವನ ಚುಟಿಗೆ ಇದೆ, ಸುಟ್ಟ ಬರೆ, ಎಳೆಯವಳಿದ್ದಾಗ ಜ್ವರ ಬಿಡಲಿಲ್ಲವೆಂದು ಕುಡುಗೋಲಿನ ತುದಿ ಕಾಯಿಸಿ ಎಳೆದ ಮೂರು ಗೆರೆ, ಮೊದಲನೆಯದು ನೆಟ್ಟಗೆ, ಮೂರನೆಯದು ನೆಟ್ಟಗೆ, ಮಧ್ಯದ್ದು ಸೊಟ್ಟ, ಮೊದಲನೆದಕ್ಕ ಏನಂತ ಗೊತ್ತಿದ್ದಿಲ್ಲವಾ, ಎರಡನೆದಕ್ಕ ಹೊಳ್ಳಿಬಿಟ್ಟೆ, ಮೂರನೆದಕ್ಕ ನಾಕ ಮಂದಿ ಹಿಡಕೊಂಡಿದ್ರು — ನೀರಿನಲ್ಲಿ ಆ ಸೊಟ್ಟ ಗೆರೆ ಹೊಳೆಯುತ್ತಿತ್ತು, ಉಳಿದ ಚರ್ಮಕ್ಕಿಂತ ನುಣುಪು, ನನ್ನ ಹೆಬ್ಬೆರಳು ಅದರ ಮೇಲೆ ಎಷ್ಟು ಸಲ ಜಾರಿದೆಯೋ, ಅದು ಪರದೆಯ ಮೇಲೆ, ಕಪ್ಪುಬಿಳುಪಿನಲ್ಲಿ, ಸುಯಮೀಂದ್ರ ಸರ್ ಅವರ ಒಳ್ಳೆಯ ಬೆಳಕಿನಲ್ಲಿ ಹೊಳೆಯುತ್ತಿತ್ತು. ಹೆಸರೊಂದ ಸಿಕ್ಕಿದ್ರ, ಅಂದರು ವೃಂದಾ ಮೇಡಮ್, ಪಾಪ, ಹೆಸರಿಲ್ಲದ ಹಾಕೋದು ಸರಿ ಅನಸೂದಿಲ್ಲ, ನಿಮ್ಮವರೊಳಗ ಯಾರಿಗಾದ್ರೂ ಗೊತ್ತಿರಬಹುದು, ಕೇಳಿ ನೋಡ್ರಲ್ಲ. ಕೇಳ್ತೇನ್ರಿ, ಅಂದೆ.

ಕೇಳಲಿಲ್ಲ. ಏನಂತ ಕೇಳಲಿ, ಅವಳೇ ದಿನಾ ಸಂಜೆ ಕೇಳುತ್ತಾಳೆ, ಇವತ್ತರ ಸಿಕ್ಕೆನೇನ ನಾ, ಅವಳು ಕೇಳುವುದು ಬೇರೆ ಫೋಟೋ, ಒಂದ ತಗದಿದ್ರವಾ, ಕುರ್ಚಿ ಮ್ಯಾಲ ಕುಂದ್ರಿಸಿ, ಇಳಕಲ್ ಸೀರಿ ಉಟ್ಟಿದ್ದೆ, ನಮ್ಮಕ್ಕನ ಮದಿವಿದು, ಪ್ರತಿ ಕೊಡತೇನಿ ಅಂದಿದ್ರು ಕೊಡಲೇ ಇಲ್ಲ, ಸರ್ ಕೂಡ್ರಿ ಅಂದ್ರು ನೋಡ, ಕೂಡ್ರಿ — ಈ ಮಾತು ಹೇಳುವಾಗ ಅವ್ವ ದನಿ ಬದಲಿಸುತ್ತಾಳೆ, ಆಚಾರ್ರ ದನಿ ತೆಗೆಯುತ್ತಾಳೆ, ನನಗ ಅಲ್ಲೀತನ ಯಾರೂ ರೀ ಹಚ್ಚಿದ್ದಿಲ್ಲ, ಗೌಡರ ಮನ್ಯಾಗ ಏ ಅಂತಿದ್ರು, ಅಂಗಡ್ಯಾಗ ದೂರ ನಿಲ್ಲು ಅಂತಿದ್ರು, ಇವರು ನೋಡ, ಕುರ್ಚಿ ತೋರಿಸಿ, ಕೂಡ್ರಿ, ನನ್ನ ಹಿಂದ ಯಾರರ ಬಂದಾರೇನ ಅಂತ ಹೊಳ್ಳಿ ನೋಡೀನಿ ನಾ. ಆ ಫಿಲ್ಮಿನ ಮೊದಲ ಚೌಕ ಅದೇ ಇರಬೇಕು, ನೋಡಿದೆ, ಬೂಸಲು ತಿಂದಿದೆ, ಕುರ್ಚಿಯ ಕಾಲು ಉಳಿದಿದೆ, ಸೀರೆಯ ನಿರಿಗೆ ಉಳಿದಿದೆ, ಎರಡು ಪಾದ, ಒಂದರ ಮೇಲೊಂದು, ಮೇಲೆಲ್ಲ ಬಿಳಿ, ಮುಖವಿರಬೇಕಾದಲ್ಲಿ ಹಾಲು ಚೆಲ್ಲಿದ ಹಾಗೆ. ಎರಡನೆಯ ಚೌಕದಲ್ಲಿ ಬೆನ್ನು. ಸೀರೆಯ ಸೆರಗು ಅದೇ ಕುರ್ಚಿಯ ತೋಳಿನ ಮೇಲಿದೆ. ಒಂದಕ್ಕೂ ಇನ್ನೊಂದಕ್ಕೂ ನಡುವೆ ಎಷ್ಟು ಹೊತ್ತು, ಏನು ಹೇಳಿದರು, ಸ್ವಲ್ಪ ತಿರುಗಿ ಕೂಡ್ರಿ ಅಂದರೋ, ಅಂಜಬ್ಯಾಡ್ರಿ, ಹುಡುಗರು ಬರೇ ಗೆರೆ ಕಲಿಯಾಕ ಬಂದಾರ, ಮುಖಾ ಬರೆಯೂದಿಲ್ಲ ಅಂದರೋ, ಅದೇ ರೀ, ಅದೇ ಮೆತ್ತನೆಯ ದನಿ, ಆ ರೀ ಮುಂದೆ ಇಪ್ಪತ್ತು ತುಂಬಿದ ನಮ್ಮ ಕೇರಿಯ ಹುಡುಗಿ ಒಲ್ಲೆ ಅನ್ನುವುದು ಹೇಗೆ, ಏ ಅಂದವರಿಗೆ ಒಲ್ಲೆ ಅನ್ನಲು ಬರುತ್ತದೆ, ಅದನ್ನು ಅವಳು ಕಲಿತಿದ್ದಳು, ರೀ ಅಂದವರಿಗೆ ಅನ್ನುವುದನ್ನು ಯಾರೂ ಕಲಿಸಿರಲಿಲ್ಲ — ಕ್ಯಾಮೆರಾದ ಸಪ್ಪಳ ಕೇಳಿಸಿತೇ ಅವಳಿಗೆ, ಹೆಗಲು ಸ್ವಲ್ಪ ಮೇಲೆದ್ದಿದೆ, ಕುತ್ತಿಗೆ ಬಿಗಿದಿದೆ, ವೃಂದಾ ಮೇಡಮ್ ಅದನ್ನೇ ಘನತೆ ಅನ್ನುತ್ತಾರೆ, ಅವಳು ಮೂರನೆಯ ಗೆರೆಗೆ ಕಾಯುತ್ತಿದ್ದಾಳೆ ಅನ್ನಿಸುತ್ತದೆ ನನಗೆ.

ಹಾಗಾದರೆ ಇಷ್ಟು ವರ್ಷ ಅವ್ವ ಕುಂತಿದ್ದೆ ಅಂದದ್ದು ಸುಳ್ಳಲ್ಲ. ಒಂದು ಸಲವೂ ಅವಳು ಕಲಿತೆ ಅಂದಿಲ್ಲ. ಕಲಿತಳು ಅಂದವರು ನಾವು.

ಇವತ್ತು ಸಂಜೆ ಪ್ರದರ್ಶನದ ಉದ್ಘಾಟನೆ. ಅವರಿಬ್ಬರೂ ಬರುತ್ತಿದ್ದಾರೆ, ಅಪ್ಪ ಇಸ್ತ್ರಿ ಮಾಡಿಸಿದ ಬಿಳಿ ಅಂಗಿಯಲ್ಲಿ, ದುಂಡಸಿಯಿಂದ ಶಿಗ್ಗಾಂವಕ್ಕೆ, ಅಲ್ಲಿ ಬಸ್ಸು ಬದಲಿಸಿ ಇಲ್ಲಿಗೆ, ಜೊತೆಗೆ ಪಕ್ಕದ ಮನೆಯ ಮಹಾದೇವಕ್ಕನೂ, ಕಾಲೇಜ ಹೆಂಗಿತ್ತ ನೋಡೂಣಂತ ನಾನೂ ಬರ್ತೇನವಾ ಅಂದಿದ್ದಾಳೆ, ನಾನಿಲ್ಲದಾಗ ಅವ್ವನ ಬೆನ್ನು ತಿಕ್ಕುವವಳು ಅವಳೇ. ಹೆಸರು ಹೇಳಿದರೆ ಅವ್ವನಿಗೆ ಒಂದು ಅಡಿಬರಹ ಸಿಗುತ್ತದೆ, ಶೇಖವ್ವ, ದುಂಡಸಿ, ಇಷ್ಟು ವರ್ಷದ ಮೇಲೆ ಈ ಕಲಾಶಾಲೆಯಲ್ಲಿ ಅವಳ ಹೆಸರು ಹಚ್ಚಿದಂತಾಗುತ್ತದೆ, ಆಮೇಲೆ ಅಪ್ಪ ವಿಹಾರದಲ್ಲಿ ಯಾವ ಮುಖ ಇಟ್ಟುಕೊಂಡು ಏಳುತ್ತಾನೆ, ಸರೀಕ ಅನ್ನುತ್ತಾನೆ. ಇದನ್ನು ತೆಗೀರಿ ಮೇಡಮ್, ಇದು ನಮ್ಮವ್ವ ಅಂದರೆ — ಬೆಳಿಗ್ಗೆ ಎರಡು ಸಲ ಬಾಯಿ ತೆರೆದೆ, ಒಂದು ಸಲ ಅವರು ಫೋನಿನಲ್ಲಿದ್ದರು, ಇನ್ನೊಂದು ಸಲ, ಏನ್ರಿ ರಾಜಶ್ರೀ, ಮಾರಿ ಯಾಕ ಹಿಂಗ, ನಾಷ್ಟಾ ಮಾಡೀರೋ ಇಲ್ಲೋ ಅಂದು ತಮ್ಮ ಡಬ್ಬಿಯ ಅವಲಕ್ಕಿ ಅರ್ಧ ನನ್ನ ತಟ್ಟೆಗೆ ಹಾಕಿದರು, ನಾನು ತಿಂದೆ, ಮಾಡೇನ್ರಿ ಅನ್ನುತ್ತಲೇ ತಿಂದೆ, ರೀ ಅಂದವರಿಗೆ ಒಲ್ಲೆ ಅನ್ನಲು ನನಗೂ ಬರುವುದಿಲ್ಲ, ಅವಳ ಮಗಳು ನಾನು. ಹಾಗಾಗಿ ಇದು. ಹೊರಗೆ ಕಟ್ಟುವ ಬ್ಯಾನರಿನ ಫೈಲು ನಾನೇ ಶಿಗ್ಗಾಂವದ ಅಂಗಡಿಗೆ ಕಳಿಸಬೇಕು, ಒಂದಿಷ್ಟು ಧೂಳಿನ ಕಲೆ ಅದಾವ್ರಿ ಮೇಡಮ್, ತೆಗೆದು ಕಳಸ್ತೇನಿ ಅಂದೆ, ಹೂಂ ಸಾವಕಾಶ ಮಾಡ್ರಿ ಅಂದು ಅವರು ಅತಿಥಿಗಳನ್ನು ಕರೆತರಲು ಹುಬ್ಬಳ್ಳಿಗೆ ಹೋದರು, ಆಮೇಲೆ ನಾನು ಕೂತೆ.

ಸುಲಭ, ದಿನಾ ಮಾಡುವುದೇ, ಈ ಬ್ರಷ್ಷು ಪಕ್ಕದ ಚರ್ಮವನ್ನೇ ತಂದು ಕಲೆಯ ಮೇಲೆ ಹೊದಿಸುತ್ತದೆ, ಯಾರದೋ ಕೆನ್ನೆಯ ಮೇಲಿನ ಗೀರು, ಆಕಾಶದಲ್ಲಿದ್ದ ಕೂದಲೆಳೆ, ಎಷ್ಟು ತೆಗೆದಿಲ್ಲ ಈ ಬೆರಳು, ಮೊದಲನೆಯ ಗೆರೆಯ ಮೇಲೆ ಇಟ್ಟೆ, ಮೇಲಿಂದ ಕೆಳಗೆ, ಮೆಲ್ಲಗೆ, ಹೋಯಿತು, ಏನೂ ಆಗಿರಲಿಲ್ಲ ಅನ್ನುವ ಹಾಗೆ, ಜ್ವರವೂ ಇಲ್ಲ ಕುಡುಗೋಲೂ ಇಲ್ಲ, ಮೂರನೆಯದು, ಅದೂ ಹೋಯಿತು, ಹಿಡಿದುಕೊಂಡ ನಾಲ್ಕು ಮಂದಿಯ ಎಂಟು ಕೈಯೂ ಹೋದವು, ಬೆನ್ನು ದೂರವಾಗತೊಡಗಿತು, ಇದು ಯಾರದೂ ಆಗಬಹುದು ಈಗ, ಹಾನಗಲ್ಲಿನ ವಾಡೆಯ ಹೆಣ್ಣುಮಗಳದು, ವೃಂದಾ ಮೇಡಮ್ ಅವರದು, ಅಂಗಡಿಯ ಕ್ಯಾಲೆಂಡರಿನದು, ಮಹಾದೇವಕ್ಕ ನೋಡಿದರೂ ಏನ ಧೈರ್ಯವಾ ಆ ಹುಡಿಗೀದು ಅಂದು ಮುಂದೆ ಹೋಗುತ್ತಾಳೆ, ಅಪ್ಪ ಬೇರೆ ಕಡೆ ನೋಡುತ್ತಾನೆ, ಅವ್ವ — ಅವ್ವ ನೋಡುತ್ತಾಳೆ, ಕುರ್ಚಿ ಅವಳಿಗೆ ಗೊತ್ತು, ಸೆರಗು ಗೊತ್ತು, ತನ್ನ ಬೆನ್ನನ್ನು ಅವಳು ಯಾವತ್ತೂ ನೋಡಿದವಳಲ್ಲ ಆದರೆ ಚುಟಿಗೆ ಎಲ್ಲಿದೆ ಅನ್ನುವುದು ಗೊತ್ತು, ಅದಿಲ್ಲದ್ದು ನೋಡಿ ಏನು ತಿಳಿಯುತ್ತಾಳೆ, ಮಗಳು ಕಾಪಾಡಿದಳು ಅಂತಲೋ, ಮಗಳು ಒರೆಸಿಹಾಕಿದಳು ಅಂತಲೋ, ಮಧ್ಯದ್ದೊಂದು ಉಳಿದಿದೆ, ಬಾಣದ ಗುರುತನ್ನು ಅದರ ತಲೆಯ ಮೇಲಿಟ್ಟು ಎಷ್ಟು ಹೊತ್ತಾಯಿತು, ಬೆರಳು ಒತ್ತುತ್ತಿಲ್ಲ, ನವಿಲು ಮತ್ತೆ, ಒತ್ತು, ಇದೊಂದು ಗೆರೆ, ಇದು ಅವಳೇ ಎಳೆದುಕೊಂಡದ್ದು, ಉಳಿದೆರಡು ಅವರು ಎಳೆದದ್ದು, ಇದರಲ್ಲಿ ಮಾತ್ರ ಅವಳು ಹೊಳ್ಳಿದ್ದಾಳೆ, ಮೈ ತಿರುಗಿಸಿದ್ದಾಳೆ, ಒಲ್ಲೆ ಅಂದದ್ದು ಇದೊಂದೇ ಇವಳ ಮೈಮೇಲೆ —

ಫೋನು. ಸಿರಾಜುದ್ದೀನ, ಶಿಗ್ಗಾಂವದ ಫ್ಲೆಕ್ಸ್ ಅಂಗಡಿಯವನು, ಹಿಂದೆ ಮಷೀನಿನ ಗರಗರ, ಮೇಡಮ್ಮಾರ, ಕಳಸ್ತೇನಂದಿದ್ರಲ್ಲ ಫೈಲ, ಅದೇನ ಬ್ಯಾಡ ಬಿಡ್ರಿ ಈಗ, ವೃಂದಾ ಮೇಡಮ್ ದಾರ್ಯಾಗಿಂದನ ತಮ್ಮ ಫೋನಿನ್ಯಾಗ ಮೊದಲ ಇದ್ದ ಫೈಲನ್ನ ಕಳಿಸಿದ್ರು, ಹೊತ್ತಾಕ್ಕೇತಿ ಅಂತ, ಇಲ್ಲೇ ಶಿಗ್ಗಾಂವ ಬಸ್‌ಸ್ಟ್ಯಾಂಡ ಗೇಟಿಗೆ ಕಟ್ಟಿ ಬಂದೇವಿ ಆಗಲೇ, ಏನ ಕ್ಲಿಯರ್ ಬಂದೈತಿ ಅಂತೀರಿ, ಎಲ್ಲೀ ಹಳೇ ಫೋಟೋ, ಒಂದೊಂದ ಗೆರಿ ಎಣಸಬೌದು ನೋಡ್ರಿ, ಹಲೋ, ಮೇಡಮ್ಮಾರ — ಯಾವ ಗೇಟು ಅಂದೆ, ಇರೂದ ಒಂದ ಗೇಟಲ್ಲರಿ, ಎಲ್ಲಾ ಬಸ್ಸೂ ಅಲ್ಲೇ ಹಾಯಬೇಕು, ಅಂದ, ದುಂಡಸಿ ಬಸ್ಸು ಎಷ್ಟಕ್ಕೆ, ಅವ್ವನಿಗೆ ಫೋನು ಹಚ್ಚು, ಹಚ್ಚಿದೆ, ಅವ್ವಾ ಹೊರಗ ನೋಡಬ್ಯಾಡ, ಕಿಟಕಿ ಕಡೆ ನೋಡಬ್ಯಾಡ, ಅಪ್ಪನ ಜೋಡಿ ಏನರ ಮಾತಾಡು, ಜಗಳಾ ತಗಿ, ಹೇಗೆ ಹೇಳಲಿ, ರಿಂಗಾಗುತ್ತಿದೆ, ಎತ್ತು, ಎತ್ತಿದಳು, ಬಸ್ಸುಗಳ ಹಾರ್ನು, ಕಂಡಕ್ಟರನ ಹುಬ್ಬಳ್ಳಿ ಹುಬ್ಬಳ್ಳಿ, ಅವಳ ಉಸಿರು.

ಅವ್ವಾ.

ಇಳದೇವಿ, ಅಂದಳು. ಮಹಾದೇವಕ್ಕ ನೀರಿನ ಬಾಟ್ಲಿ ತರ್ತೇನಂತ ಹ್ವಾದ್ಲು, ಬರವಲ್ಲಳು. ಹೊಳ್ಳಿ ಊರಿಗೆ ಹೋಗ್ರಿ ಅವ್ವಾ, ನಾ ಬರ್ತೇನಿ ಅಲ್ಲಿಗೇ, ಅಂದೆ. ನಿಮ್ಮಪ್ಪ ನಿಂತಾನವಾ, ಗೇಟಿನ ಮುಂದ, ಮ್ಯಾಲ ಮಾರಿ ಮಾಡಿಕೊಂಡು, ಕರದ್ರ ಓ ಅನವಲ್ಲ, ಒಂದ ಬಸ್ಸಿನಾಂವ ಹಾರ್ನ ಹೊಡ್ಯಾಕತ್ತಾನ, ಸರಿಯವಲ್ಲ. ಅವ್ವಾ. ನಾ ಸಿಕ್ಕೆ ಅಂತ ಹೇಳಲಿಲ್ಲಲ್ಲವಾ ನೀ. ದನಿಯಲ್ಲಿ ಸಿಟ್ಟಿಲ್ಲ, ಅದಿದ್ದರೆ ಒಳ್ಳೆಯದಿತ್ತು, ಅಂಗಡಿಯಲ್ಲಿ ಸಾಮಾನು ಕೇಳಿದ ದನಿ. ಅವ್ವಾ, ನಾನು ಅದನ್ನ — ಇರಲಿ. ಇಲ್ಲೊಂದ ಕಟ್ಟಿ ಐತಿ. ನಾ ಸ್ವಲ್ಪ ಕುಂದ್ರತೇನಿ ತಡಿ.

ಕುಂದ್ರತೇನಿ. ಫೋನು ಇಟ್ಟಿಲ್ಲ, ಮಡಿಲಲ್ಲಿ ಹಾಕಿಕೊಂಡಿರಬೇಕು, ಹಾರ್ನು ಕೇಳುತ್ತಿದೆ, ಒಂದೇ ಸಮನೆ, ಯಾರೋ ಸರೀರಿ ಯಜಮಾನ್ರ ಅನ್ನುತ್ತಿದ್ದಾರೆ, ರೀ ಅನ್ನುತ್ತಿದ್ದಾರೆ, ಅವಳು ಗೇಟಿಗೆ ಬೆನ್ನು ಮಾಡಿ ಕೂತಿರಬೇಕು, ಹೆಗಲು ಸ್ವಲ್ಪ ಮೇಲೆದ್ದು, ಕುತ್ತಿಗೆ ಬಿಗಿದು, ಮೇಲೆ ಬ್ಯಾನರಿನಲ್ಲಿ ಅವಳದೇ ಬೆನ್ನು, ಕೆಳಗೆ ಅವಳ ಬೆನ್ನು, ಇಲ್ಲಿ ಪರದೆಯ ಮೇಲೆ ಇನ್ನೊಂದು, ನುಣ್ಣಗೆ, ಯಾರದೂ ಅಲ್ಲದ್ದು, ಅದರ ಎಡ ಹೆಗಲಿನ ಕೆಳಗೆ ಒಂದು ಗೆರೆ, ನೆಟ್ಟಗೆ ಶುರುವಾಗಿ ನಡುವೆ ಸೊಟ್ಟಗಾದ ಗೆರೆ, ನಡುವೆ ಸೊಟ್ಟಗಾದ ಗೆರೆ,