ಹೊಳೆಗಿಳಿಯುವವನ ಒಳಬಟ್ಟೆ

ದಿನಕರ್ಮ ಮುಗಿದು ಬೀಗರೆಲ್ಲ ಊರಿಗೆ ಹೋದ ಮರುದಿನ ಬೆಳಗು. ರೂಪಾಲಿ ಎದ್ದು ಎಮ್ಮೆ ಹಿಂಡಿ, ಡೇರಿಗೆ ಹಾಲು ಹಾಕಿ ಬಂದಳು. ಎಲ್ಲವೂ ಎಂದಿನಂತೆಯೇ ಇತ್ತು. ಹೊಳೆಯ ಕಡೆಯಿಂದ ಬರುವ ಪಂಪಿನ ಸದ್ದು ಮಾತ್ರ ಇರಲಿಲ್ಲ.

ಜುಗೂಳ ಊರಿನ ಹದಿನೆಂಟು ಮನೆಗಳ ಕಬ್ಬಿಗೆ ಆ ಒಂದೇ ಪಂಪಿನ ನೀರು. ಕೃಷ್ಣೆಯ ತಳದಲ್ಲಿರುವ ಅದರ ಪೈಪಿನ ಬಾಯಿಗೆ ಕಳೆ ಸಿಕ್ಕಿ ನೀರು ನಿಂತಿತ್ತು. ಅದನ್ನು ಬಿಡಿಸಲು ಇಳಿದಿದ್ದವನು ರೂಪಾಲಿಯ ಗಂಡ ಶುಭಮ. ಕೆಲಸ ಮುಗಿದಿರಲಿಲ್ಲ. ಮೇಲೆ ಬಂದವನು ದಂಡೆಯಲ್ಲಿ ಕುಸಿದ, ಮತ್ತೆ ಏಳಲಿಲ್ಲ. ಇಂದು ಅವನ ತಮ್ಮ ಅಮೋಲ ಇಳಿಯಬೇಕು.

ಬೇಸಿಗೆಯಲ್ಲಿ ಹೊಳೆಯ ನೀರು ಕೆಟ್ಟು, ಇಳಿದವರ ಮೈಗೆಲ್ಲ ತುರಿಕೆ ಏಳುತ್ತದೆ. ಅದಕ್ಕೇ ಎಲ್ಲರೂ ಕೂಡಿ ಮುಂಬಯಿಯಿಂದ ಹಳೆಯ ಡ್ರೈಸೂಟ್ ಒಂದನ್ನು ತಂದಿದ್ದರು. ಕತ್ತು, ಮುಂಗೈಗಳಲ್ಲಿ ಬಿಗಿಯಾಗಿ ಕೂರುವ ರಬ್ಬರಿನ ಉಡುಪು. ಹೊರಗಿನ ನೀರು ಒಳಗೆ ಬರುವುದಿಲ್ಲ. ಒಳಗಿನ ಶಾಖವೂ ಸುಲಭಕ್ಕೆ ಹೊರಗೆ ಹೋಗುವುದಿಲ್ಲ.

ಅತ್ತೆ ಲಕ್ಕವ್ವ ಉಣ್ಣೆಯ ದಪ್ಪ ಒಳಂಗಿಯೊಂದನ್ನು ತಂದು ಅಮೋಲನ ಮುಂದಿಟ್ಟಳು. ಅದರ ಮೇಲೊಂದು ಸ್ವೆಟರ್.

“ಎರಡೂ ಹಾಕ್ಕೊ. ನಿಮ್ಮಣ್ಣ ಬರೇ ಈ ಅಂಗಿ ಹಾಕ್ಕೊಂಡಿದ್ದ. ಹೊಳಿ ಥಂಡಿ ಅವನ್ನ ತಿಂದ್ತು.”

“ಯವ್ವಾ, ಇಂಥಾ ಬಿಸಲಾಗ ಸ್ವೆಟರ್? ಮಂದಿ ನಗತಾರ.”

“ನಗೂ ಮಂದಿ ನಗ್ಲಿ. ನೀ ಬದಕ.”

ರೂಪಾಲಿ ಹನ್ನೊಂದು ದಿನಗಳಿಂದ ಮಾತನಾಡಿರಲಿಲ್ಲ. ಧಾರವಾಡದಲ್ಲಿ ಬಟ್ಟೆಯ ವಿಷಯವನ್ನೇ ಓದಿದವಳು, ಅಥಣಿಯ ಹೊಲಿಗೆ ಶಾಲೆಯಲ್ಲಿ ಪಾಠ ಹೇಳುವವಳು. ಯಾವ ಬಟ್ಟೆ ಬೆವರು ಹಿಡಿಯುತ್ತದೆ, ಯಾವುದು ಶಾಖ ಹಿಡಿಯುತ್ತದೆ ಎಂದು ಊರ ಹುಡುಗಿಯರಿಗೆಲ್ಲ ಕಲಿಸಿದ್ದಳು. ಸೂಟಿನ ಒಳಗೆ ಏನು ಹಾಕಿದ್ದೀರಿ ಎಂದು ಗಂಡನನ್ನು ಒಮ್ಮೆಯೂ ಕೇಳಿರಲಿಲ್ಲ. ಹೊಳೆಯ ಕೆಲಸ ಗಂಡಸರದು ಎಂದು ಸುಮ್ಮನಿದ್ದಳು.

“ಥಂಡಿ ಅಲ್ಲ ಅತ್ತಿ,” ಅಂದಳು. “ಮೈ ಶಾಖ ಏರಿ ಹ್ವಾದ್ರು. ಡಾಕ್ಟರ್ ಬರದ ಕೊಟ್ಟಾರ.”

“ನೀರಾಗ ಇದ್ದಾಂವಗ ಎಲ್ಲೀ ಶಾಖವ? ನಡಗಾಕತ್ತಿದ್ದ, ನಾ ನೋಡೀನಿ.”

“ಶಾಖ ಮಿತಿ ಮೀರಿದ್ರೂ ಮೈ ನಡಗತೈತಿ. ನಿಮ್ಮ ಕೈ ಕೊಡ್ರಿ.”

ಅತ್ತೆಯ ಬಲಗೈಗೆ ಉಣ್ಣೆಯ ಅಂಗಿ ಸುತ್ತಿದಳು. ಎಡಗೈಗೆ ಅಮೋಲನ ಕಬಡ್ಡಿ ಆಟದ ತೆಳ್ಳನೆಯ ಅಂಗಿ. ಎರಡರ ಮೇಲೂ ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ ಕಟ್ಟಿ, ಅಂಗಳದ ಬಿಸಿಲಲ್ಲಿ ಕೂರಿಸಿದಳು.

“ಸುಮ್ನ ಕೂಡಬ್ಯಾಡ್ರಿ, ಕೈ ಆಡಸ್ರಿ. ತಳದಾಗ ಕಳೆ ಕೀಳೂದು ದುಡಿಮಿ, ದುಡದ್ರ ಮೈ ಕಾಯತೈತಿ.”

“ನನ್ನೇನ ಮಾವಿನಕಾಯಿ ಮಾಡಿದೇನ ಬೇ, ಹಣ್ಣಾಗಾಕ ಇಟ್ಟಿ?” ಎಂದು ಲಕ್ಕವ್ವ ಬೈದಳು. ಅಮೋಲ ನಕ್ಕ. ಆ ಮನೆಯಲ್ಲಿ ಅಷ್ಟು ದಿನಗಳ ಮೇಲೆ ಯಾರೋ ನಕ್ಕಿದ್ದರು.

ಹತ್ತು ನಿಮಿಷಕ್ಕೆ ಲಕ್ಕವ್ವನ ಬೈಗುಳ ನಿಂತಿತು. ಮತ್ತೆ ಸ್ವಲ್ಪ ಹೊತ್ತಿಗೆ, “ಬಿಚ್ಚ. ಬಲಗೈ ಬಿಚ್ಚ. ಕುದಿಯಾಕತ್ತೇತಿ.”

ಉಣ್ಣೆ ಹಿಂಡುವಷ್ಟು ಒದ್ದೆಯಾಗಿತ್ತು. ತೋಳು ಕೆಂಪಾಗಿತ್ತು. ಎಡಗೈಯೂ ಬೆವೆತಿತ್ತು, ಆದರೆ ತಡೆಯುವಂತಿತ್ತು.

ಲಕ್ಕವ್ವ ತನ್ನ ಬಲಗೈಯನ್ನೇ ನೋಡುತ್ತ ಕೂತಳು. “ಮೈತುಂಬ ಹಿಂಗ ಇದ್ದನೇನ ನನ್ನ ಮಗಾ? ನಾನ ಹೇಳಿದ್ದೆ, ದಪ್ಪಂದು ಹಾಕ್ಕೊ ಅಂತ.”

ರೂಪಾಲಿ ಸೆರಗಿನಿಂದ ಆ ತೋಳು ಒರೆಸಿದಳು. “ನೀವ ಹೇಳಿದ್ರಿ. ಒಳಗ ಏನ ಹಾಕ್ಕೊಂಡೀರಿ ಅಂತ ನಾ ಅವರನ್ನ ಕೇಳಲೇ ಇಲ್ಲ. ಅವತ್ತ ಯಾರಿಗೂ ತಿಳೀಲಿಲ್ಲ ಅತ್ತಿ. ಇವತ್ತ ತಿಳದೈತಿ.”

“ಹಂಗಾರ ಹತ್ತಿ ಬನಿಯನ್ ಹಾಕ್ಕೊಳ್ಳಲೇನ ವೈನಿ?” ಅಮೋಲ ಅತ್ತಿಗೆಯನ್ನು ಕೇಳಿದ. “ಹೊಲದಾಗ ಅದ ತಂಪ.”

“ಹೊಲದಾಗ ಗಾಳಿ ಐತಿ, ಹತ್ತಿ ಆರತೈತಿ. ಸೂಟಿನ್ಯಾಗ ಆರೂದಿಲ್ಲ. ಹಸೀ ಬಟ್ಟಿ ಮೈಗಂಟಿ ತೊಗಲ ತಿಕ್ಕತೈತಿ.”

“ಏನೂ ಹಾಕ್ಕೊಳ್ಳದಿದ್ರ?”

“ರಬ್ಬರ್ ಚಿವುಟತೈತಿ. ಈ ಕಬಡ್ಡಿದ್ದನ್ನ ಹಾಕ್ಕೊ, ಇದು ಬೆವರ ಹಿಡಿಯೂದಿಲ್ಲ. ತುಂಬು ತೋಳಿನ ಅಂಗಿ, ಕಾಲಿಗೆ ಹಿಮ್ಮಡಿತನಕ ಇಂಥಾದ್ದ ಪ್ಯಾಂಟು. ಎಲ್ಲೂ ಮಡಿಕಿ ಬೀಳಬಾರದು. ಚಳಿಗಾಲದಾಗ ನೀರ ಥಂಡಿದ್ರ ದಪ್ಪಂದು ಹಾಕ್ಕೊ. ನೀರ ಮುಟ್ಟಿ ನೋಡಿ ಬಟ್ಟಿ ಆರಸಬೇಕು, ಅಂಜಿ ಆರಸಬಾರದು.”

ದಂಡೆಯಲ್ಲಿ ಪಂಪಿನ ಉಸ್ತುವಾರಿ ನೋಡುವ ಹಿರಿಯ ವಿರುಪಾಕ್ಷಪ್ಪ ಹೊಳೆದೇವಿ ಗಂಗವ್ವನ ಪೂಜೆಗೆ ಕಾಯಿ, ಹೂವು ಹಿಡಿದು ನಿಂತಿದ್ದ. ರೂಪಾಲಿಯನ್ನು ಕಂಡು ಅವನ ಮುಖ ಬಿಗಿಯಿತು.

“ಇಂಥಾ ಹೊತ್ತಿನ್ಯಾಗ ಸೊಸೀನ್ನ ಯಾಕ ಕರಕೊಂಡ ಬಂದಿ ಲಕ್ಕವ್ವ?”

“ಆಕಿ ತಿಳದಾಕಿ. ಅದಕ್ಕ.”

ವಿರುಪಾಕ್ಷಪ್ಪ ಅಮೋಲನಿಗೆ ಅಂದ, “ಸೂಟ್ ಹಾಕ್ಕೊಂಡ ಬಂದ ನಿಂದರಪಾ. ಇಳಿಯಾಂವ ಸಜ್ಜಾಗಿ ನಿಂತ ಮ್ಯಾಲನ ಪೂಜಿ. ಹಿಂದಿನಿಂದ ಬಂದ ಪದ್ಧತಿ.”

“ಕಾಕಾ, ಹಿಂದಿನವ್ರು ಲಂಗೋಟಿ ಮ್ಯಾಲ ಇಳೀತಿದ್ರು,” ರೂಪಾಲಿ ಅಂದಳು. “ಅವತ್ತ ಪೂಜಿ ಮುಗಿಯೂತನಕ ನಮ್ಮನಿಯವರು ಅರ್ಧ ತಾಸು ಬಿಸಲಾಗ ರಬ್ಬರಿನ್ಯಾಗ ನಿಂತಿದ್ರು. ಪೂಜಿ ಮೊದಲ ಆಗ್ಲಿ. ಸೂಟಿನ ಚೈನ್ ಕಡೀಕ ಎಳೀರಿ.”

ವಿರುಪಾಕ್ಷಪ್ಪ ಲಕ್ಕವ್ವನನ್ನು ನೋಡಿದ. ಲಕ್ಕವ್ವ ಕೆಂಪಾದ ಬಲತೋಳು ಎತ್ತಿ ತೋರಿಸಿ, “ಉಣ್ಣಿ ಸುತ್ತಿ ಬಿಸಲಾಗ ಕೂತಿದ್ದಕ್ಕ ಹಿಂಗ ಆತು,” ಅಂದಳು. ಅವನು ಮೊದಲು ಕಾಯಿ ಒಡೆದ.

ಪೂಜೆ ಮುಗಿದ ಮೇಲೆ ಅಮೋಲ ನೆರಳಲ್ಲಿ ನೀರು ಕುಡಿದು, ಸೂಟ್ ತೊಟ್ಟು, ಮುಳುಗಲೆಂದು ಅಣ್ಣ ಸೊಂಟಕ್ಕೆ ಕಟ್ಟುತ್ತಿದ್ದ ಸೀಸದ ತುಂಡುಗಳ ಪಟ್ಟಿ ಬಿಗಿದುಕೊಂಡ. ಎದೆಮಟ್ಟದ ನೀರಿನಲ್ಲಿ ನಿಂತು ನೋಡಿದರೆ, ಪಟ್ಟಿ ಅವನನ್ನು ಕೆಳಗೆಳೆಯುತ್ತಿತ್ತು.

“ದಪ್ಪ ಬಟ್ಟ್ಯಾಗ ಗಾಳಿ ಭಾಳ ನಿಲ್ಲತಿತ್ತು, ಮುಳಗಾಕ ಸೀಸಾ ಭಾಳ ಬೇಕಿತ್ತು,” ಎಂದಳು ರೂಪಾಲಿ. “ಈಗ ಕಡಿಮಿ ಮಾಡ.”

ನಾಲ್ಕು ತುಂಡು ಬಿಚ್ಚಿದ ಮೇಲೆ ತೂಕ ಸರಿಯಾಯಿತು. ದಂಡೆಯಿಂದ ಉಸಿರಾಟಕ್ಕೆ ಗಾಳಿ ಬರುವ ಪೈಪ್ ಕಚ್ಚಿಕೊಂಡು ಅವನು ಇಳಿದ. ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಬೇಡ ಎಂದು ಮೊದಲೇ ಮಾತಾಗಿತ್ತು. ಲಕ್ಕವ್ವ ಸೊಸೆಯ ಕೈ ಹಿಡಿದು ನಿಂತಳು. ಹದಿನೆಂಟನೆಯ ನಿಮಿಷಕ್ಕೆ ಅಮೋಲ ಎದ್ದ. ಅವನ ಮೈಮೇಲೆ ಕೊಡದಿಂದ ನೀರು ಸುರಿದರು, ನೆರಳಿಗೆ ತಂದು ಕೂಡಲೇ ಚೈನ್ ಬಿಚ್ಚಿದರು, ಮಜ್ಜಿಗೆ ಕೊಟ್ಟರು.

“ಅಣ್ಣ ಮುಕ್ಕಾಲು ಬಿಡಿಸಿದ್ದ ವೈನಿ,” ಅವನು ಅಂದ. “ಅಂಥಾ ಶಾಖದಾಗ! ನಾ ಬರೇ ಉಳದಿದ್ದಷ್ಟ ಕಿತ್ತೆ.”

ಪಂಪು ಶುರುವಾಯಿತು. ಕಾಲುವೆಗೆ ನೀರು ಬಿತ್ತು. ಲಕ್ಕವ್ವ ನೆರೆದವರಿಗೆಲ್ಲ ಕೇಳುವಂತೆ, “ಬಿಡಿಸಿದವ್ರು ನನ್ನ ಮಕ್ಕಳು. ಬಟ್ಟಿ ಆರಿಸಿದಾಕಿ ನನ್ನ ಸೊಸಿ,” ಅಂದಳು.

ಬಿಚ್ಚಿದ ಸೀಸದ ತುಂಡುಗಳು ಮನೆಯವಲ್ಲ, ಮೀನು ಹಿಡಿಯುವ ಹೊಳೆವ್ವನ ಬಲೆಯವು, ಅಣ್ಣ ಕೇಳಿ ತಂದಿದ್ದ ಎಂದು ಅಮೋಲ ಹೇಳಿದ. ರೂಪಾಲಿ ಅವನ್ನು ಒರೆಸಿಕೊಂಡು ಹೊಳೆವ್ವನ ಗುಡಿಸಲಿಗೆ ನಡೆದಳು.

“ಇರ್ಲಿ ಬಿಡ ತಂಗಿ, ಮತ್ತ ಬೇಕಾದಾವು,” ಅಂದಳು ಹೊಳೆವ್ವ.

“ಬ್ಯಾಡಕ್ಕ. ನಮ್ಮ ಮನ್ಯಾಗ ಬ್ಯಾಸಗಿಗಿ ಇನ್ನ ಇಷ್ಟ ಭಾರ ಕಟ್ಟಿ ಯಾರೂ ಇಳಿಯೂದಿಲ್ಲ.” ನಾಲ್ಕೂ ತುಂಡುಗಳನ್ನು ಅವಳ ಅಂಗೈಯಲ್ಲಿಟ್ಟಳು.

ಅಕ್ಕ, ತಂಗಿಯರೇ, ನಿಮ್ಮ ಮನೆಯಿಂದಲೂ ಒಬ್ಬರು ಹೊಳೆಗೆ ಇಳಿಯುತ್ತಿರಬಹುದು. ಅದು ಹೆಮ್ಮೆಯ ಕೆಲಸ. ಅವರು ಸೂಟ್ ತೊಡುವ ಮೊದಲು ನೀವು ನೀರು ಮುಟ್ಟಿ ನೋಡಿ. ಬೆಚ್ಚಗಿದ್ದರೆ ತೆಳ್ಳನೆಯ, ಬೆವರು ಹಿಡಿಯದ ಒಳಬಟ್ಟೆಯನ್ನೇ ಕೊಡಿ, ಚೈನ್ ಕೊನೆಗೆ ಎಳೆಯಿರಿ. “ಒಳಗೆ ಏನು ಹಾಕಿದ್ದೀರಿ?” ಎಂದು ಇಂದೇ ಕೇಳಿ. ಕೇಳಲು ನಾಚಬೇಡಿ.