ದೆಲ್ಫಿನಾಳ ಕಿರುಬೆರಳು

ಊದಿದ ಪಾದಕ್ಕೆ ಶೂ ಹತ್ತುತ್ತಿರಲಿಲ್ಲ. ನಿವೆಸ್ ಮಂಡಿಯೂರಿ ಕೂತು ಅಪ್ಪನ ಹಿಮ್ಮಡಿಯನ್ನು ಒಳಕ್ಕೆ ದೂಡುತ್ತಿದ್ದಳು.

"ಮೆಲ್ಲಗೆ ಕಣೇ, ನೋವಾದೀತು," ಅಂದಳು ಆರ್ಜಿಯಾ ಅತ್ತೆ.

"ಇನ್ನೆಂಥ ನೋವು ಅತ್ತೆ?"

"ಬದುಕಿದ್ದಾಗ್ಲೂ ಬಾಯಿಬಿಟ್ಟು ಹೇಳ್ದೋನಲ್ಲ ನನ್ನ ತಮ್ಮ."

ನಿಜವೇ. ಅಪ್ಪ ಎರ್ಸಿಲಿಯೊ ಐವತ್ತು ವರ್ಷ ಇಟಲಿಯ ಈ ಫಾಯೆಂಜಾದಲ್ಲಿ ಕೂತು ಹುಳು ತಿಂದ ಹಳೆಯ ಚಿತ್ರಗಳನ್ನು ರಿಪೇರಿ ಮಾಡಿದ. ಹೆಸರು ಚಿತ್ರಗಾರರಿಗೆ ಹೋಯಿತು, ಕೆಮ್ಮು ಇವನಿಗೆ ಉಳಿಯಿತು.

ಅಡುಗೆಮನೆಯಲ್ಲಿ ನೆರೆಯವರು ಕಾಫಿ ಕುಡಿಯುತ್ತ ಪಾದ್ರಿಗೆ ಕಾಯುತ್ತಿದ್ದರು. ಅಷ್ಟರಲ್ಲಿ ಬೊಲೊನ್ಯಾದಿಂದ ಚಿತ್ರವ್ಯಾಪಾರಿ ತರುಫಿ ಬಂದ. ಕಪ್ಪು ಟೈ, ಕಂಕುಳಲ್ಲಿ ಚರ್ಮದ ಫೈಲು. ನಿವೆಸಳನ್ನು ಪಕ್ಕದ ಕೋಣೆಗೆ ಕರೆದು, ಫೈಲಿನಿಂದ ಕೆಂಪು ಸೀಮೆಸುಣ್ಣದಲ್ಲಿ ಬರೆದ ಮಾತೆ ಮೇರಿಯ ಹಳೆಯ ಚಿತ್ರವನ್ನು ತೆಗೆದು ಮೇಜಿನ ಮೇಲಿಟ್ಟ.

"ಸಾವಿನ ಮನೇಲಿ ಈ ಮಾತು ಎತ್ತಬಾರದು, ಕ್ಷಮಿಸಿಮ್ಮ. ಆದರೆ ಹರಾಜು ನಾಳೆ. ಇಷ್ಟು ದಿನ ಇದು ಹಳೇ ಕಾಲದ ಆ ದೊಡ್ಡ ಚಿತ್ರಗಾರ ಗುರುವಿನ ಕೆಲಸವೋ, ಅವನ ಶಿಷ್ಯರದೋ ಅಂತ ಅನುಮಾನ ಇತ್ತಲ್ಲ? ಪಂಡಿತರು ತೀರ್ಮಾನ ಹೇಳಿದಾರೆ. ಈ ಕೈ ನೋಡಿ, ಈ ಸೊಟ್ಟ ಕಿರುಬೆರಳು! ಗುರುವಿಗಲ್ಲದೆ ಇನ್ಯಾರಿಗಿದೆ ಈ ಧೈರ್ಯ? ನಿಮ್ಮಪ್ಪ ಮಾರೋಕೆ ಕೊಟ್ಟು, ಸಹಿ ಹಾಕೋ ಮೊದಲೇ ಹೋಗ್ಬಿಟ್ರು. ಈಗ ನಿಮ್ಮದೇ ಸಹಿ."

ಮಾರಾಟವಾದರೆ ಬರುವ ಹಣದಿಂದ ಈ ಬಾಡಿಗೆಮನೆ ಅವರದೇ ಆಗುತ್ತದೆ. ಇಲ್ಲವಾದರೆ ಬೇಸಿಗೆಯೊಳಗೆ ಅತ್ತೆಯನ್ನು ಕರೆದುಕೊಂಡು ಹೊರಡಬೇಕು. ನಿವೆಸ್ ಪೆನ್ನು ತೆಗೆದುಕೊಂಡಳು.

*

ಅಮ್ಮ ತೀರಿಕೊಂಡ ವರ್ಷ ಅವಳಿಗೆ ಹನ್ನೊಂದು. ಅಪ್ಪ ರದ್ದಿಯ ಕಟ್ಟಿನಲ್ಲಿ ಕೊಂಡು ತಂದಿದ್ದ ಮೇರಿಗೆ ಬಲಗೈಯೇ ಇರಲಿಲ್ಲ. ಹುಳು ಪೂರ್ತಿ ತಿಂದುಹಾಕಿತ್ತು. ಅವನು ತೂತಿಗೆ ಹಳೇ ಕಾಗದದ ತೇಪೆ ಹಾಕಿ, ಮೂರು ದಿನ ಕೂತು ಕೈ ಬರೆದ.

"ಯಾರ ಕೈ ಅಪ್ಪಾ?"

"ಕಿರುಬೆರಳು ನೋಡು."

ನೆಲಮಾಳಿಗೆಯ ಬಾಗಿಲಿಗೆ ಸಿಕ್ಕಿ ಸೊಟ್ಟಗಾಗಿದ್ದ ಅಮ್ಮನ ಬೆರಳು. ಹುಡುಗಿ ಅಳುತ್ತ ಅದರತ್ತ ಕೈ ಚಾಚಿದಳು.

"ಮುಟ್ಬೇಡ. ನಾವು ಸೇರಿಸಿದ್ದು ಒರೆಸಿದ್ರೆ ಹೋಗ್ಬೇಕು, ಹಳಬರದ್ದು ಹಾಗೇ ಉಳೀಬೇಕು. ಅದೇ ನಮ್ಮ ಕಸುಬಿನ ಮರ್ಯಾದೆ."

"ಇದು ನೀನು ಬರೆದಿದ್ದು ಅಂತ ಹೇಳ್ತೀಯಾ?"

"ಕೇಳಿದ್ರೆ ಹೇಳ್ತೀನಿ."

ಯಾರೂ ಕೇಳಲಿಲ್ಲ. ಅವನನ್ನು ಯಾರು ಯಾವತ್ತು ಏನು ಕೇಳಿದ್ದರು, ಬಿಡಿ.

*

"ಪಾದ್ರಿ ಬಂದ್ರು ಕಣೇ, ಪೆಟ್ಟಿಗೆ ಮುಚ್ತಾರಂತೆ," ಎನ್ನುತ್ತ ಅತ್ತೆ ಒಳಗೆ ಬಂದಳು. ತಮ್ಮ ಆ ಚಿತ್ರವನ್ನು ಅವಳಿಗೆ ಒಮ್ಮೆಯೂ ತೋರಿಸಿರಲಿಲ್ಲ. ಮೇರಿಯನ್ನು ಕಂಡವಳು ಬಗ್ಗಿದಳು, ಹಾಗೇ ನಿಂತುಬಿಟ್ಟಳು.

"ಅಯ್ಯೋ ನನ್ನವ್ವಾ! ಇದು ನಮ್ಮ ದೆಲ್ಫಿನಾ ಕೈ ಅಲ್ವೇನೇ?"

ದೇವರ ಪಟ ಕಂಡರೆ ಮುಟ್ಟಿ ಬೆರಳಿಗೆ ಮುತ್ತಿಡುವುದು ಆ ಊರಿನ ಹೆಂಗಸರ ರೂಢಿ. ಅತ್ತೆಯ ಕೈ ಮುಂದೆ ಬಂತು.

"ಮುಟ್ಬೇಡಿ! ತಡೀರೀ ಅವರನ್ನ!" ಮೇಜಿನ ಆಚೆಯಿಂದ ತರುಫಿ ಕಿರುಚಿದ.

ನಿವೆಸ್ ಇನ್ನೂ ಸಹಿ ಹಾಕದ ಪೆನ್ನು ಹಿಡಿದು ಪಕ್ಕದಲ್ಲೇ ಇದ್ದಳು. ಹಿಡಿಯಬಹುದಿತ್ತು. ಹಿಡಿಯಲಿಲ್ಲ.

ಅತ್ತೆ ತಮ್ಮನ ಹೆಂಡತಿಯ ಕೈಯನ್ನು ಒಂದಲ್ಲ, ನಾಲ್ಕೈದು ಸಲ ಸವರಿದಳು. ಮೇರಿಯ ಮುಖ, ಮಗು, ಮುಸುಕು ಎಲ್ಲ ಇದ್ದ ಹಾಗೇ ಇದ್ದವು. ಕೈ ಇದ್ದಲ್ಲಿ ಬರಿಯ ತೇಪೆ ಉಳಿಯಿತು. ತರುಫಿ ಸಹಿಯ ಕಾಗದವನ್ನು ಮತ್ತೆ ಫೈಲಿಗೆ ತುರುಕಿದ.

ಅತ್ತೆಗೆ ಅದೊಂದೂ ತಿಳಿಯಲಿಲ್ಲ. ಬೆರಳಿಗೆ ಮುತ್ತಿಟ್ಟುಕೊಂಡು, ಅಳುತ್ತ ಹಜಾರಕ್ಕೆ ಹೋಗಿ, ಪೆಟ್ಟಿಗೆಯ ಮೇಲೆ ಬಾಗಿ ತಮ್ಮನ ಹಣೆ ನೇವರಿಸಿದಳು. ಅವಳ ಬೆರಳಿನ ಕೆಂಪು ಬಿಳಿಚಿದ ಹಣೆಗೆ ಹತ್ತಿತು. ಯಾರೋ ಕರವಸ್ತ್ರ ತೆಗೆದರು.

"ಒರೆಸ್ಬೇಡಿ," ಅಂದಳು ನಿವೆಸ್.

ಅದರ ಮೇಲೆಯೇ ಮುಚ್ಚಳ ಇಳಿಯಿತು.